ಎರಿ ಹೊಲದಾಗ ಬೆಂಕಿ ಸುತ್ತ ಒಂದು ರಾತ್ರಿ: ಸಣ್ಣವ್ರಿಂದ ಅಜ್ಜಿ ಮಟ ಎಲ್ಲಾರಿಗೂ ಏನು ಮಾಡಿಸಬಹುದು?

ಪ್ರಶ್ನೆ, ಹುಬ್ಬಳ್ಳಿಯಿಂದ

ಎಳ್ಳ ಅಮವಾಸ್ಯಿಗೆ ಚರಗ ಚೆಲ್ಲಾಕ ಅಣ್ಣಿಗೇರಿ ಹತ್ರ ಬೀಗರ ಹೊಲಕ್ಕ ಹೊಂಟೀವಿ. ಈ ಸಲ ರಾತ್ರಿ ಅಲ್ಲೇ ಟೆಂಟ್ ಹಾಕಿ ಉಳಿಯೂ ವಿಚಾರ ಐತಿ. ಒಟ್ಟು 14 ಮಂದಿ: 4ರಿಂದ 13 ವರ್ಷದ ಐದು ಹುಡುಗರು, ಏಳು ಮಂದಿ ದೊಡ್ಡವ್ರು, 70 ದಾಟಿದ ಅಜ್ಜ-ಅಜ್ಜಿ. ಅಜ್ಜಿಗೆ ಮೊಣಕಾಲು ನೋವು, ನೆಲದ ಮ್ಯಾಲ ಕುಂದ್ರಾಕ ಆಗಂಗಿಲ್ಲ. ಬೆಂಕಿ ಹಚ್ಚಿ ಬರೇ ಅಂತ್ಯಾಕ್ಷರಿ ಅಂದ್ರ ಅರ್ಧ ತಾಸಿನ್ಯಾಗ ಹುಡುಗರ ಕೈಗೆ ಮೊಬೈಲ್ ಬರತೈತಿ. ಮೂರು ತಾಸು ಎಲ್ಲಾರೂ ಕೂಡಿ ಮಾಡೂವಂಥಾದ್ದು ಬೇಕು. ಬೆಂಕಿ ಎಲ್ಲಿ, ಎಷ್ಟು ದೊಡ್ಡದು, ಏನು ಸುಡಬಹುದು, ಯಾವ ಆಟ? ಪಕ್ಕಾ ಗೊತ್ತಿದ್ದವ್ರು ವಿವರವಾಗಿ ಹೇಳ್ರಿ.

ಉತ್ತರ, ನವಲಗುಂದದಿಂದ

ಮೊದಲ ಜಾಗಾ ನೋಡ್ರಿ, ಆಟ ಆಮ್ಯಾಲ. ಈ ಹೊತ್ತಿಗೆ ಎರಿ ಮಣ್ಣು ಬಿರಿಯಾಕ ಹತ್ತಿರತೈತಿ. ಕೆಂಡ ಬಿರುಕಿನ್ಯಾಗ ಬಿದ್ದು, ಅಲ್ಲಿ ಹತ್ತಿ ಗಿಡದ ಹಳೇ ಬೇರು, ಒಣ ಕೂಳಿ ಇದ್ರ ಒಳಗೊಳಗ ಹೊಗಿಯಾಡಕೋತ ಹೋಗತೈತಿ. ಬೆಂಕಿ ಆರಿಸಿ ಮಲಗಿದ ಮ್ಯಾಲ ಬ್ಯಾರೆ ಕಡೆ ಎದ್ದು ಕುಂದ್ರೂದು ಹಿಂಗ. ಅದಕ್ಕ ನೆಲದ ಮ್ಯಾಲ ನೇರ ಹಚ್ಚಬ್ಯಾಡ್ರಿ. ಗೌಂಡಿಗಳು ಮಾಲು ಹೊರೂ ಕಬ್ಬಿಣದ ಬುಟ್ಟಿ ಎರಡು ತರ್ರಿ, ಕೆಳಗ ನಾಕು ಇಟ್ಟಂಗಿ ಇಟ್ಟು ಅದರ ಮ್ಯಾಲ ಕುಂದ್ರಿಸ್ರಿ. ಬುಟ್ಟಿ ಇಲ್ಲಾಂದ್ರ ಬಿರುಕು ಮುಚ್ಚಿ, ನಾಕು ಇಂಚು ಮಸಾರಿ ಮಣ್ಣು ಅಥವಾ ಉಸುಕು ಹರವಿ ಅದರ ಮ್ಯಾಲ ಹಚ್ರಿ. ಸುತ್ತ ಹತ್ತು ಫೂಟು ಹುಲ್ಲು, ಕಸ ಎಲ್ಲಾ ಕೆರೆದು ಬರೇ ಮಣ್ಣು ಕಾಣೂವಂಗ ಮಾಡ್ರಿ. ಕಣಿಕಿ ಬಣವಿ, ಒಣಗಿದ ಬೆಳಿ ಇದ್ದ ಕಡೆಯಿಂದ ನೂರು ಫೂಟಿಗಿಂತ ದೂರ ಇರ್ರಿ. ಹಳ್ಳದ ಉರುಟು ಕಲ್ಲು ಒಲಿಗೆ ಹಚ್ಚಬ್ಯಾಡ್ರಿ. ಅದರೊಳಗ ನೀರು ಹಿಡದಿರತೈತಿ, ಕಾದು ಉಗಿ ಆದಾಗ ಕಲ್ಲು ಸಿಡೀತೈತಿ.

ಮೂಡಗಾಳಿ ದಿನ ಇದು, ಹೊಗಿ ಪಡುವಣಕ್ಕ ಹೋಗತೈತಿ. ಮಂದಿ ಮೂಡಣ ಮಗ್ಗಲಕ್ಕ ಅರ್ಧಚಂದ್ರದಂಗ ಕುಂದ್ರಬೇಕು, ಟೆಂಟೂ ಆ ಕಡೆನ, ಬೆಂಕಿಯಿಂದ 15-20 ಫೂಟು ದೂರ. ಪೂರ್ತಿ ಸುತ್ತ ಕುಂತ್ರ ಪಡುವಣದವ್ರು ಕಣ್ಣು ಒರಸಕೋತನ ಇರ್ತಾರ. ಹಚ್ಚೂ ಮುಂದ ಒಂದು ಚಿಟಿಕಿ ಒಣ ಮಣ್ಣು ಹಾರಿಸಿ ಗಾಳಿ ನೋಡ್ರಿ, ದಿನಾ ಒಂದ ದಿಕ್ಕಿಗೆ ಇರಂಗಿಲ್ಲ.

ಅಡಗಿಗೆ ಬ್ಯಾರೆ ಕುಣಿ, ಆಟಕ್ಕ ಬ್ಯಾರೆ ಬೆಂಕಿ. ಇದನ್ನ ಮರೀಬ್ಯಾಡ್ರಿ. ಉರಿ ನೋಡಾಕ, ಕೆಂಡ ಸುಡಾಕ. ಒಂದ ಬೆಂಕಿ ಮ್ಯಾಲ ಎರಡೂ ಮಾಡಾಕ ಹೋದ್ರ ತೆನಿ ಹೊರಗ ಕರ್ರಗ, ಒಳಗ ಹಸಿ.

ಆ ದಿನದಾಗ ಸೀತನಿ (ಸುಟ್ಟು ತಿನ್ನೂ ಎಳೀ ಜೋಳದ ತೆನಿ) ಸಿಗೂದು ಹಿಂಗಾರಿ ಜೋಳ ಯಾವಾಗ ಬಿತ್ಯಾರ ಅನ್ನೂದರ ಮ್ಯಾಲ. ಮುಂಚೆ ಬಿತ್ತಿದ ಹೊಲದಾಗ ನೋಡ್ರಿ. ಕಾಳನ್ನ ಉಗುರಿನಿಂದ ಒತ್ತಿದ್ರ ತೆಳ್ಳನ ಹಾಲು ಬಂದ್ರ ಇನ್ನೂ ಎಳೀದು, ಸುಟ್ಟ ಮ್ಯಾಲ ಹೊಟ್ಟಿಗೇ ಅಂಟಕೋತೈತಿ. ಗಟ್ಟಿ ಹಿಟ್ಟಿನಂಗ ಬಂದ್ರ ಸರಿ. ಉಗುರು ಇಳೀಲಿಲ್ಲಂದ್ರ ಬಲಿತೈತಿ, ಬಿಟ್ಟುಬಿಡ್ರಿ. ಒಬ್ಬರಿಗೆ ನಾಕೈದು ತೆನಿ, ನಿಮಗ 60-70 ತೆನಿ ಬೇಕು. ಹಿಡಕೊಳ್ಳಾಕ ಒಂದು ಫೂಟು ದಂಟು ಬಿಟ್ಟು ಕೊಯ್ಯಿರಿ.

ಕುಣಿ ಒಂದೂವರಿ ಫೂಟು ಅಗಲ, ಒಂದು ಫೂಟು ಆಳ. ಬಿರುಕಿಲ್ಲದ ಕಡೆ ತೋಡಿ, ತಳಕ್ಕ ಮಸಾರಿ ಮಣ್ಣು ಬಡಿದು ಗಟ್ಟಿ ಮಾಡ್ರಿ. 15 ಒಣ ಕುಳ್ಳು (ಸಗಣಿ ಬೆರಣಿ) ಒಂದಕ್ಕೊಂದು ಆನಿಸಿ ನಿಂದ್ರಿಸಿ ಹಚ್ರಿ. ಮುಕ್ಕಾಲು ತಾಸು ಬೇಕು ಉರಿ ಇಳಿದು ಮ್ಯಾಲ ಬೂದಿ ಕಟ್ಟಾಕ, ಅದಕ್ಕ ಆರು ಗಂಟೆಗೇ ಹಚ್ಚಿಬಿಡ್ರಿ. ತೆನಿಯನ್ನ ಕೆಂಡದ ಬೂದ್ಯಾಗ ಹುಗಿದು ದಂಟು ಹಿಡಿದು ತಿರುಗಿಸಕೋತ ಇರ್ರಿ. ಮೂರು-ನಾಕು ನಿಮಿಷಕ್ಕ ಕಾಳು ಉಬ್ಬಿ ಚಟಪಟ ಅಂತಾವ, ತಗೀಬೇಕು. ಒಂದು ಸಲಕ್ಕ ಎಂಟು-ಹತ್ತು ತೆನಿಗಿಂತ ಹೆಚ್ಚು ಹಾಕಿದ್ರ ಕೆಂಡ ತಣ್ಣಗಾಗತೈತಿ. ಬಿಸಿ ಇದ್ದಾಗನ ಗೋಣಿತಟ್ಟಿನ್ಯಾಗ ಹಾಕಿ ತಿಕ್ಕಬೇಕು, ಆರಿದ ಮ್ಯಾಲ ಕಾಳು ಬಿಡಂಗಿಲ್ಲ. ಸುಡೂದು ದೊಡ್ಡವ್ರು, ತಿಕ್ಕೂದು ಹತ್ತರ ಮ್ಯಾಲಿನ ಹುಡುಗರು, ಮರದಾಗ ಕೇರಿ ಹೊಟ್ಟು ತಗಿಯೂದು ಕುರ್ಚಿ ಮ್ಯಾಲ ಕುಂತ ಅಜ್ಜಿ. ಆ ಕೆಲಸ ಅಜ್ಜಿಯಷ್ಟು ಚಲೋ ಯಾರಿಗೂ ಬರಂಗಿಲ್ಲ. ಜೋಡಿಗೆ ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಬೆಲ್ಲ, ಕೆನಿ ಮಸರು.

ಸೀತನಿ ಸಿಗದಿದ್ರ ಸುಲಗಾಯಿ. ಹಸಿ ಕಡ್ಲಿ ಗಿಡ ಬೇರು ಸಮೇತ ಕಿತ್ತು, ಸಣ್ಣ ಸಿವುಡು ಕಟ್ಟಿ, ಒಣ ಕಣಿಕಿ ಉರಿ ಮ್ಯಾಲ ಎರಡು-ಮೂರು ನಿಮಿಷ ಹೊರಳಿಸ್ರಿ. ಎಲಿ ಸುಟ್ಟು ಕಾಯಿ ಸಿಪ್ಪಿ ಕಪ್ಪಾದ್ರ ಆತು. ಇದಕ್ಕ ಮಾತ್ರ ಉರಿನ ಬೇಕು, ಕೆಂಡ ಅಲ್ಲ. ಗಿಡದ ಹುಳಿ ಅರಬಿಗೆ ಹತ್ತತೈತಿ, ಹುಡುಗರಿಗೆ ಹಳೇ ಅರಬಿ ಹಾಕ್ರಿ.

ಉತ್ತರ, ಹಾವೇರಿಯಿಂದ

ಮೇಲಿನವರು ಕುಳ್ಳಿನ ಲೆಕ್ಕ ಹೇಳಿದಾರ, ನಾನು ಕಟಗಿದು ಹೇಳತೀನಿ. ಎರಡು ಫೂಟು ಅಗಲದ ಬೆಂಕಿಗೆ ತಾಸಿಗೆ 4-5 ಕಿಲೋ ಒಣ ಕಟಗಿ ಹಿಡೀರಿ, ಮೂರು ತಾಸಿಗೆ 15 ಕಿಲೋ ಸಾಕು. ಮಂದಿ ಆಳೆತ್ತರ ಉರಿ ಎಬ್ಬಿಸ್ತಾರ, ಅದರಿಂದ ಎಲ್ಲಾರೂ ಹಿಂದಕ್ಕ ಸರೀತಾರ, ಮಾತು ಕೇಳಂಗಿಲ್ಲ, ಕಿಡಿ ಹಾರತಾವ. ಮೊಣಕಾಲೆತ್ತರ ಮೀರಬಾರದು. ಹತ್ತಿ ಕಟಗಿ, ತೊಗರಿ ಕಟಗಿ ಹಚ್ಚಾಕಷ್ಟ ಚಲೋ, ಹತ್ತು ನಿಮಿಷದಾಗ ಮುಗೀತಾವ. ನಿಂತು ಉರಿಯಾಕ ಜಾಲಿ ಕಟಗಿ ಬೇಕು, ಕೆಂಡಾನೂ ಗಟ್ಟಿ ಉಳೀತೈತಿ. ಮುಳ್ಳು ಸವರಿದ್ದನ್ನ ತಗೋರಿ. ಕಟಗಿ ಗುಂಪಿಗೆ ಬರಿಗೈ ಹಾಕಬ್ಯಾಡ್ರಿ, ಚೇಳು ಇರತಾವ, ಒಂದೊಂದ ತುಂಡು ನೆಲಕ್ಕ ಬಡಿದು ತಗೋರಿ. ಬಣ್ಣ ಹಚ್ಚಿದ ಹಲಗಿ, ಪ್ಲೈವುಡ್, ಪ್ಲಾಸ್ಟಿಕ್ ಬೆಂಕಿಗೆ ಹಾಕಲೇಬಾರದು. ಸೀಮೆಎಣ್ಣಿ, ಪೆಟ್ರೋಲು ಸುರಿಯೂದೂ ಬ್ಯಾಡ. ಒಣ ಕೊಬ್ಬರಿ ಪರಟಿ ಎರಡು ಇಟ್ರ ತಾನ ಹತ್ತತೈತಿ.

ಒಂದು ಎಚ್ಚರಿಕಿ. ಸುಡಾಕ ಕಡ್ಡಿ ಬೇಕಂತ ಸಿಕ್ಕ ಗಿಡ ಮುರೀಬ್ಯಾಡ್ರಿ. ರಸ್ತೆ ಮಗ್ಗಲ, ತೋಟದ ಬೇಲ್ಯಾಗ ಕಣಗಲ ಇರತೈತಿ, ಅದರ ಟೊಂಗಿ ನೆಟ್ಟಗ, ಉದ್ದಕ ಇರೂದಕ್ಕ ಹುಡುಗರ ಕಣ್ಣಿಗೆ ಮೊದಲ ಬೀಳತೈತಿ. ಗಿಡ ಪೂರ್ತಿ ವಿಷ. ಅದರ ಕಡ್ಡಿಗೆ ತಿನ್ನೂದು ಚುಚ್ಚಬಾರದು, ಕಟಗಿ ಅಂತ ಒಲಿಗೂ ಹಾಕಬಾರದು. ಮನಿಯಿಂದನ ಬಿದಿರ ಕಡ್ಡಿ ಒಯ್ಯಿರಿ. ಎರಡು ಫೂಟಿಗಿಂತ ಗಿಡ್ಡ ಇರಬಾರದು, ಅರ್ಧ ತಾಸು ನೀರಾಗ ನೆನಸಿದ್ರ ಲಗೂನ ಸುಡಂಗಿಲ್ಲ.

ಸಣ್ಣ ಹುಡುಗರಿಗೆ ಬಾಳೆಹಣ್ಣು ಭಾಳ ಛಂದ. ಸಿಪ್ಪಿ ಸಮೇತ ಉದ್ದಕ ಒಂದು ಗೀರು ಹಾಕಿ, ಅದರಾಗ ಒಂದು ಚಮಚ ಪುಡಿ ಬೆಲ್ಲ, ಒಂದು ಚಮಚ ಹುರಿದ ಶೇಂಗಾ ಪುಡಿ ತುಂಬಿ, ಕೆಂಡದ ಮ್ಯಾಲ ಜಾಳಗಿ ಇಟ್ಟು ಎಂಟು ನಿಮಿಷ. ಸಿಪ್ಪಿ ಕರ್ರಗಾದ್ರ ಒಳಗ ಬೆಂದೈತಿ. ತುಂಬೂ ಕೆಲಸ ನಾಕು ವರ್ಷದ ಕೂಸೂ ಮಾಡತೈತಿ. ಕರಗಿದ ಬೆಲ್ಲ ನಾಲಿಗಿ ಸುಡತೈತಿ, ಐದು ನಿಮಿಷ ಆರಿಸಿ ಕೊಡ್ರಿ. ಪ್ಯಾಟಿ ಮಾರ್ಷ್‌ಮೆಲೋ ತರೂದಾದ್ರ ಪೊಟ್ಟಣದ ಮ್ಯಾಲ ಹಸಿರು ಗುರುತು ನೋಡ್ರಿ, ಎಷ್ಟೋ ನಮೂನಿಯೊಳಗ ಪ್ರಾಣಿಗಳ ಜೆಲಾಟಿನ್ ಇರತೈತಿ. ಗೆಣಸು ಮುಷ್ಟಿಗಿಂತ ಸಣ್ಣವು ಆರಸ್ರಿ, ಬಿಸಿ ಬೂದ್ಯಾಗ ಹುಗಿದು 40 ನಿಮಿಷ, ನಡುವ ಒಂದು ಸಲ ಹೊರಳಿಸೂದು. ಗೋವಿನಜೋಳ ಕೆಂಡದ ಮ್ಯಾಲ, ಉರಿ ಮ್ಯಾಲ ಅಲ್ಲ.

ಉತ್ತರ, ಧಾರವಾಡದಿಂದ

ಆಟದ್ದು ಹೇಳ್ತೀನಿ. ಬೆಂಕಿ ಸುತ್ತ ಓಡೋ ಆಟ ಒಂದೂ ಬ್ಯಾಡ. ಹತ್ತು ಫೂಟಿನ ಗೆರಿಗೆ ಸುಣ್ಣ ಹಾಕಿ, ಅದರ ಒಳಗ ನಡಿಯೋದೂ ದೊಡ್ಡವರ ಅಪ್ಪಣಿ ಕೇಳಿನ ಅಂತ ಮೊದಲ ಹೇಳ್ರಿ. ಹುಡುಗರಿಗೆ ಗೆರಿ ಕಂಡ್ರ ನಿಯಮ ಅರ್ಥ ಆಗ್ತದ, ಬರೇ ಬಾಯಿಮಾತು ಆಗಂಗಿಲ್ಲ.

ಹದಿನಾಲ್ಕು ಮಂದಿಗೆ ‘ಮಳಿ ತರಿಸೋ ಆಟ’ ಹೇಳಿ ಮಾಡಿಸಿದಂಗದ. ಎಲ್ಲಾರೂ ಕೂತಲ್ಲೇ ಆಡೋದು, ಅಜ್ಜಿನೂ ಬಿಡೋ ಹಂಗಿಲ್ಲ. ಒಬ್ಬರು ಮುಂದಾಳು. ಅವರು ಸಾಲಿನ ಒಂದು ತುದಿಯಿಂದ ಒಬ್ಬೊಬ್ಬರ ಮುಂದ ನಿಂತು ಅಂಗೈ ತಿಕ್ಕತಾರ. ತಮ್ಮ ಮುಂದ ಬಂದಾಗ ಮಾತ್ರ ಆ ವ್ಯಕ್ತಿ ಶುರು ಮಾಡಬೇಕು, ಮುಂದಿನ ಸುತ್ತು ಬರೋತನಕ ನಿಲ್ಲಸಬಾರದು. ಎರಡನೇ ಸುತ್ತಿಗೆ ಚಿಟಿಕಿ, ಮೂರನೇದಕ್ಕ ಚಪ್ಪಾಳಿ, ನಾಲ್ಕನೇದಕ್ಕ ತೊಡಿ ಬಡಿಯೋದು, ಐದನೇದಕ್ಕ ಕಾಲಿಂದ ನೆಲ ಗುದ್ದೋದು. ಆಮ್ಯಾಲ ಹಂಗ ತಿರುಗಿ: ತೊಡಿ, ಚಪ್ಪಾಳಿ, ಚಿಟಿಕಿ, ಅಂಗೈ, ಕಡೀಕ ಒಬ್ಬೊಬ್ಬರ ಕೈ ನಿಲ್ಲೋದು. ಮೊದಲ ಸಣ್ಣ ಜಡಿ, ಆಮ್ಯಾಲ ಜೋರು ಮಳಿ, ಆಮ್ಯಾಲ ದೂರ ಸರಿಯೋ ಮಳಿ ಕೇಳಿಸ್ತದ. ಕೆಡೋದು ಎರಡ ಕಾರಣಕ್ಕ: ಯಾರರ ಮಾತಾಡಿದ್ರ, ಇಲ್ಲಾ ಎಲ್ಲಾರೂ ಒಮ್ಮೆಲೇ ಬದಲಾಯಿಸಿದ್ರ. ಎರಡನೇ ಸಲ ಕಣ್ಣು ಮುಚ್ಚಿ, ಮುಂದಾಳು ಭುಜ ಮುಟ್ಟಿದಾಗ ಬದಲಾಯಿಸೋ ಹಂಗ ಆಡ್ರಿ. ಎಂಟು ಮಂದಿಗಿಂತ ಕಡಿಮಿ ಇದ್ರ ಇದು ರಂಗೇರೋದಿಲ್ಲ.

ಅಂತ್ಯಾಕ್ಷರಿ ಪೂರ್ತಿ ಬಿಡಬ್ಯಾಡ್ರಿ, ನಿಯಮ ಬಿಗಿ ಮಾಡ್ರಿ. ಹಾಡಿನ ಎರಡ ಸಾಲು, ಹತ್ತು ಎಣಿಸೋದರಾಗ ಉತ್ತರ. ಕೊನಿ ಅಕ್ಷರದ ವ್ಯಂಜನ ಮಾತ್ರ ಲೆಕ್ಕ, ಸ್ವರ ಯಾವುದಾದ್ರೂ ನಡೀತದ. ಳ ಬಂದ್ರ ಲ, ಣ ಬಂದ್ರ ನ. ಈ ಎರಡು ಮೊದಲ ಹೇಳದಿದ್ರ ಅಲ್ಲೇ ಜಗಳ, ಯಾಕಂದ್ರ ಕನ್ನಡದಾಗ ಆ ಅಕ್ಷರದಿಂದ ಶುರುವಾಗೋ ಹಾಡು ಸಿಗೋದ ಇಲ್ಲ. ಅಜ್ಜ-ಅಜ್ಜಿ ಬ್ಯಾರೆ ಬ್ಯಾರೆ ತಂಡದಾಗ ಇರಲಿ. ಸೋಬಾನ ಪದ, ಬೀಸೋ ಪದ ಎಲ್ಲಾ ನಡೀತಾವ ಅಂದ್ರ ಅವರ ತಂಡನ ಗೆಲ್ತದ.

ಆಮ್ಯಾಲ ಒಡಪು. ಗಂಡ-ಹೆಂಡತಿ ಹೆಸರು ಹೇಳೋ ಒಡಪು ಅಜ್ಜಿ ಶುರು ಮಾಡಲಿ, ಉಳದವರೂ ಅಲ್ಲೇ ಹೊಸದು ಕಟ್ಟಬೇಕು. ಹುಡುಗರು ಊರ ಹೆಸರಿಟ್ಟೋ, ನಾಯಿ ಹೆಸರಿಟ್ಟೋ ಕಟ್ಟಲಿ. ಎರಡು ಸಾಲು, ಕೊನಿಗೆ ಪ್ರಾಸ, ಒಂದು ನಿಮಿಷ, ಅಷ್ಟ. ಅದರ ಜೋಡಿ ‘ಅಂಗಡ್ಯಾಗಿಂದ ತರೋದು, ಮುಂದಿಟ್ಟುಕೊಂಡು ಅಳೋದು’ ಅನ್ನೋಂಥ ಒಗಟು (ಉಳ್ಳಾಗಡ್ಡಿ) ಸಣ್ಣವರಿಗೆ. ಉತ್ತರ ಗೊತ್ತಿದ್ದವರು ಕೂಗದ ಮೂಗು ಮುಟ್ಟಬೇಕು, ಆಗ ಉಳದವರಿಗೂ ವಿಚಾರ ಮಾಡ್ಲಿಕ್ಕೆ ಹೊತ್ತು ಸಿಗ್ತದ.

ನೆರಳಿನಾಟ ಆಡಸೋದಾದ್ರ ಒಂದು ಬಿಳೀ ಧೋತರ, ಎರಡು ಕೋಲು. ಬೆಂಕಿ ಬೆಳಕಿಗೆ ನೆರಳು ಕುಣೀತದ, ಆಕಾರ ನಿಲ್ಲೋದಿಲ್ಲ. ಭಾಳ ಎಲ್‌ಇಡಿ ಇರೋ ದೊಡ್ಡ ಟಾರ್ಚಿಗೆ ಒಂದು ಕೈಗೆ ಹತ್ತು ಮಸುಕು ನೆರಳು ಬೀಳ್ತಾವ. ಮೊಬೈಲಿನ ಒಂದ ದೀಪ ಧೋತರದಿಂದ ಐದು ಫೂಟು ಹಿಂದ, ಗೊಂಬಿ ಧೋತರಕ್ಕ ತಾಗಿದಂಗ ಹಿಡದ್ರ ಗೆರಿ ಚೊಕ್ಕ ಬರ್ತದ. ಮದುವಿ ಕಾರ್ಡಿನ ದಪ್ಪ ಹಾಳಿ ಕತ್ತರಿಸಿ ಗೊಂಬಿ ಮಾಡೋ ಕೆಲಸ ಮಧ್ಯಾಹ್ನನ ಹುಡುಗರಿಗೆ ಕೊಡ್ರಿ. ಆ ಮೊಬೈಲ್ ದೀಪ ಹಿಡಿಯೋ ಕೆಲಸದಾಗ ಸಿಕ್ಕಿಬಿಡ್ತದ, ಬ್ಯಾರೆಯವರ ಕೈಗೆ ಹೋಗೋದಿಲ್ಲ.

ಒಂದು ಮಾತು: ಏಳು ಗಂಟೆಗೆ ಸಣ್ಣವರ ಹೊಟ್ಟಿ ತುಂಬಿರಬೇಕು. ಸೀತನಿ ಮ್ಯಾಲ ಭರವಸಾ ಇಟ್ಟು ರೊಟ್ಟಿ ಬುತ್ತಿ ಬಿಡಬ್ಯಾಡ್ರಿ. ಹಸಿದ ಕೂಸು ಯಾವ ಆಟಕ್ಕೂ ಬರೋದಿಲ್ಲ.

ಪ್ರಶ್ನೆ ಕೇಳಿದವರು

ಭಾಳ ಉಪಕಾರ ಆತ್ರಿ. ಎರಡು ಕೇಳೂದೈತಿ. ಹೊಲದ ಬದಲಿ ಕಪ್ಪತಗುಡ್ಡದ ಕಡೆ ಹೋದ್ರ ಹೆಂಗ ಅಂತ ತಮ್ಮ ಅನ್ನಾಕ ಹತ್ಯಾನ. ಮತ್ತ ಒಂಬತ್ತರ ಮ್ಯಾಲ, ಬೆಂಕಿ ಇಳಿದಾಗ ಏನು ಮಾಡೂದು?

ಉತ್ತರ, ಗದಗದಿಂದ

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾನೂನು ಬದಿಗಿಟ್ಟು ನೋಡಿದರೂ ಆ ಗುಡ್ಡದ ಬಾದೆ ಹುಲ್ಲು ಡಿಸೆಂಬರ್ ಹೊತ್ತಿಗೆ ಒಣಗಿ ನಿಂತಿರುತ್ತದೆ, ಮೇಲೆ ಗಾಳಿಯೂ ಜೋರು. ಒಂದು ಕಿಡಿ ಸಾಕು. ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆಯ ದಂಡೆಯೂ ಬೇಡ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬಂದಿರುತ್ತವೆ. ಬೀಗರ ಹೊಲವೇ ಸರಿಯಾದ ಜಾಗ.

ಒಂಬತ್ತರ ಮೇಲೆ ಆಕಾಶ ನೋಡಿ. ಅಮಾವಾಸ್ಯೆ ಆದ್ದರಿಂದ ಚಂದ್ರನ ಅಡ್ಡಿಯಿಲ್ಲ. ಆದರೆ ಬೆಂಕಿ ನೋಡಿದ ಕಣ್ಣಿಗೆ ತಕ್ಷಣ ನಕ್ಷತ್ರ ಕಾಣುವುದಿಲ್ಲ, ಕತ್ತಲೆಗೆ ಹೊಂದಿಕೊಳ್ಳಲು ಕನಿಷ್ಠ 20 ನಿಮಿಷ ಬೇಕು. ಬೆಂಕಿಗೆ ಬೆನ್ನು ಮಾಡಿ ಜಮಖಾನೆ ಹಾಸಿ ಮಲಗಿಸಿ, ಅಜ್ಜಿಗೆ ಒರಗುವ ಕುರ್ಚಿ ಕೊಡಿ. ಟಾರ್ಚಿಗೆ ಕೆಂಪು ಪತಂಗದ ಹಾಳೆ ಎರಡು ಪದರ ಸುತ್ತಿ. ಒಬ್ಬರು ಮೊಬೈಲ್ ತೆರೆದರೂ ಸಾಕು, ಎಲ್ಲರದೂ ಮತ್ತೆ ಮೊದಲಿನಿಂದ.

ನೆತ್ತಿಯ ಹತ್ತಿರ ಸಣ್ಣ ಗೊಂಚಲಿನಂತೆ ಕಾಣುವುದು ಕೃತ್ತಿಕಾ. ಯಾರಿಗೆ ಎಷ್ಟು ಚುಕ್ಕಿ ಕಾಣುತ್ತದೆ ಎಂದು ಎಣಿಸುವ ಪಂದ್ಯ ಇಡಿ, ಆರು ಕಂಡರೆ ಕಣ್ಣು ಚೆನ್ನಾಗಿದೆ. ಪೂರ್ವಕ್ಕೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಾಣುತ್ತವೆ, ಅದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿ. ಆ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ಲುಬ್ಧಕ, ಇಡೀ ರಾತ್ರಿಯ ಆಕಾಶದಲ್ಲಿ ಅತಿ ಹೊಳೆಯುವ ನಕ್ಷತ್ರ. ಮೇಲಕ್ಕೆ ಎಳೆದರೆ ಕೆಂಪಗಿನ ರೋಹಿಣಿ, ಇನ್ನೂ ಮುಂದೆ ಅದೇ ಕೃತ್ತಿಕಾ. ಈ ಒಂದು ಗೆರೆ ಗೊತ್ತಾದರೆ ಮಕ್ಕಳೇ ಉಳಿದದ್ದನ್ನು ಹುಡುಕುತ್ತಾರೆ. ಧ್ರುವ ನಕ್ಷತ್ರಕ್ಕೆ ಮುಷ್ಟಿ ಲೆಕ್ಕ ಮಾಡಿಸಿ: ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ನಮ್ಮ ಕಡೆಯ ಅಕ್ಷಾಂಶ 15 ಡಿಗ್ರಿಯ ಆಸುಪಾಸು, ಧ್ರುವವೂ ಉತ್ತರದ ಅಂಚಿನಿಂದ ಅಷ್ಟೇ ಎತ್ತರ, ಅಂದರೆ ಒಂದೂವರೆ ಮುಷ್ಟಿ. ಅಷ್ಟು ಕೆಳಗಿರುವುದರಿಂದ ಮರ ಅಡ್ಡ ಬರುತ್ತದೆ, ಉತ್ತರ ಬಯಲಿರುವ ಕಡೆ ಕೂರಿ. ಸಪ್ತರ್ಷಿ ಪೂರ್ತಿ ಮೇಲೇಳುವುದು ಮಧ್ಯರಾತ್ರಿಯ ಹೊತ್ತಿಗೆ, ಅದಕ್ಕೆ ಕಾಯಬೇಡಿ.

ಉತ್ತರ, ಹುಬ್ಬಳ್ಳಿಯಿಂದ

ಮೂರು ವಿಷಯ ಯಾರೂ ಹೇಳಿಲ್ಲ. ಚಳಿ ಅಂತ ಕೆಂಡದ ಬುಟ್ಟಿಯನ್ನು ಟೆಂಟಿನೊಳಗೋ ಗಾಡಿಯೊಳಗೋ ಒಯ್ಯಲೇಬೇಡಿ. ಉರಿ ಇಲ್ಲದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ, ಜೀವಕ್ಕೆ ಅಪಾಯ. ಬದಲಿಗೆ ಒಬ್ಬರಿಗೆ ಎರಡು ಕೌದಿ ಇಟ್ಟುಕೊಳ್ಳಿ, ಒಂದು ಹಾಸಲು, ಒಂದು ಹೊದೆಯಲು.

ಬಟ್ಟೆ ಹತ್ತಿಯದೋ ಉಣ್ಣೆಯದೋ ಇರಲಿ. ನೈಲಾನ್ ಜಾಕೆಟ್, ಜರಿ ಫ್ರಾಕ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ. ಸುಟ್ಟರೆ ತಣ್ಣೀರನ್ನು 20 ನಿಮಿಷ ಸುರಿಯುತ್ತಲೇ ಇರಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ತುಪ್ಪ ಹಚ್ಚಬಾರದು. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಿರಿ. ಬೊಬ್ಬೆ ಅಂಗೈಗಿಂತ ದೊಡ್ಡದಾದರೆ, ಮುಖಕ್ಕೋ ಕೈಗೋ ಆದರೆ, ಅಥವಾ ಸುಟ್ಟದ್ದು ಸಣ್ಣ ಮಗು ಆದರೆ 108ಕ್ಕೆ ಕರೆ ಮಾಡಿ. ಇದಕ್ಕೆಂದೇ 20 ಲೀಟರ್ ಕ್ಯಾನ್ ಒಂದು ಬೇರೆ ಇರಲಿ, ಕುಡಿಯುವ ನೀರಿನ ಲೆಕ್ಕದಲ್ಲಿ ಸೇರಿಸಬೇಡಿ.

ಆರಿಸುವುದಕ್ಕೆ ಇನ್ನೊಂದು ಕ್ಯಾನ್. ಮಲಗುವ ಅರ್ಧ ತಾಸು ಮೊದಲು ಕಟ್ಟಿಗೆ ಹಾಕುವುದು ನಿಲ್ಲಿಸಿ. ಬುಟ್ಟಿಯ ಕೆಂಡವನ್ನು ಹರವಿ, ದೂರ ನಿಂತು ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ, ಕೋಲಿನಿಂದ ಕಲಕಿ, ಮತ್ತೆ ನೀರು. ಒಮ್ಮೆಲೇ ಸುರಿದರೆ ಬಿಸಿ ಬೂದಿ, ಉಗಿ ಮುಖಕ್ಕೆ ಹಾರುತ್ತದೆ. ಸುಯ್ ಎನ್ನುವ ಸದ್ದು ನಿಂತ ಮೇಲೆ ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ, ಕಾವು ತಟ್ಟಿದರೆ ಇನ್ನೊಮ್ಮೆ. ಕುಳ್ಳಿನ ಕುಣಿಯನ್ನು ಮಾತ್ರ ಮಣ್ಣು ಮುಚ್ಚಿ ಬಿಡಬೇಡಿ, ಕುಳ್ಳು ಒಳಗೇ ಬೆಳಗಿನವರೆಗೂ ಕಾವು ಹಿಡಿದಿರುತ್ತದೆ. ಮುಂಜಾನೆ ಬರಿಗಾಲಿನ ಮಗು ಕಾಲಿಡುವುದು ಅಂಥ ಕುಣಿಯ ಮೇಲೆಯೇ. ಅದಕ್ಕೂ ನೀರು ಹಾಕಿ ಕಲಕಿ, ಮೇಲೆ ಬುಟ್ಟಿ ಬೋರಲು ಹಾಕಿಡಿ.