ಎಟಿವಿ ಬ್ಯಾಟರಿ ಚಾರ್ಜ್ ಆಗ್ತಿಲ್ಲ, ಸ್ಟೇಟರ್ ಹೋಗಿದೆ ಅಂತಾರೆ. ನಿಜನಾ?

ಪಾಂಡವಪುರದಿಂದ:
ನಮಸ್ಕಾರ. ತೋಟದಲ್ಲಿ ಓಡಾಡಲು ಹಳೇ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ತಗೊಂಡಿದ್ದೇನೆ. ಚೈನಾದ ಜಿವೈ6 150 ಸಿಸಿ ಇಂಜಿನ್, ಮೇಲಿನ ಸ್ಟಿಕ್ಕರ್ ಕೂಡ ಉಳಿದಿಲ್ಲ. ಹೊಸ ಬ್ಯಾಟರಿ ಹಾಕಿದರೂ ಸ್ವಲ್ಪ ದಿನಕ್ಕೇ ಡೌನ್. ಮೆಕ್ಯಾನಿಕ್ ಬಿಳಿ ವೈರ್‌ಗೂ ಬಾಡಿಗೂ ಮೀಟರ್ ಇಟ್ಟ, ಬೀಪ್ ಅಂತು. "ಕಾಯಿಲ್ ಅರ್ತ್ ಆಗಿದೆ, ಸ್ಟೇಟರ್ ಚೇಂಜ್ ಮಾಡ್ಬೇಕು" ಅಂದ. ಅಂದರೆ ಇಂಜಿನ್ ಓಡುವಾಗ ಕರೆಂಟ್ ಮಾಡುವ ಕಾಯಿಲ್ ಸೆಟ್ಟಿನ ತಂತಿ ಬಾಡಿಗೆ ತಾಗಿ ಶಾರ್ಟ್ ಆಗಿದೆಯಂತೆ. ಮೈಸೂರಿನಿಂದ ಒಂದು ಬೈಕ್ ಸ್ಟೇಟರ್ ತಂದಿಟ್ಟಿದ್ದೇನೆ, ಮೂರು ಹಳದಿ ವೈರ್‌ನದು. ಹಳೆಯದರಲ್ಲಿ ಬಿಳಿ, ಹಳದಿ, ಹಸಿರು, ಕಪ್ಪು-ಕೆಂಪು, ನೀಲಿ-ಬಿಳಿ ಇವೆ. ಹೊಸದನ್ನು ಹಾಕಬಹುದಾ?

ಮೈಸೂರಿನಿಂದ:
ಸರ್, ಸದ್ಯಕ್ಕೆ ಏನೂ ಬಿಚ್ಚಬೇಡಿ. ಆ ಬೀಪ್ ನಿಮ್ಮ ಗಾಡಿಯಲ್ಲಿ ಬರಲೇಬೇಕು!

ಮೂರು ಹಳದಿ ವೈರ್ ಇರೋದು ತ್ರೀ ಫೇಸ್ ಸ್ಟೇಟರ್. ಅದರಲ್ಲಿ ಯಾವ ವೈರ್‌ಗೂ ಬಾಡಿಗೂ ಸಂಪರ್ಕ ಇರಬಾರದು. ಬೀಪ್ ಬಂದರೆ ಕಾಯಿಲ್ ಸುಟ್ಟಿದೆ ಅಂತಲೇ ಲೆಕ್ಕ. ಹಳದಿ-ಹಳದಿ ನಡುವೆ ಮೂರು ಜೋಡಿಯಲ್ಲೂ ಒಂದೇ ರೀಡಿಂಗ್ ಬರಬೇಕು. ನಿಮ್ಮದು ಸಿಂಗಲ್ ಫೇಸ್. ಕಾಯಿಲ್‌ನ ಒಂದು ತುದಿಯನ್ನು ಫ್ಯಾಕ್ಟರಿಯಲ್ಲೇ ಇಂಜಿನ್ ಬಾಡಿಗೆ ಜೋಡಿಸಿರುತ್ತಾರೆ. ಬಿಳಿ ಚಾರ್ಜಿಂಗ್‌ಗೆ, ಹಳದಿ ಲೈಟ್‌ಗೆ, ಹಸಿರು ಅರ್ತ್. ಬಿಳಿ-ಹಸಿರು ನಡುವೆ ಒಂದು ಓಮ್ ಆಸುಪಾಸು ಬಂದರೆ ಸರಿ ಇದೆ. ಮೊದಲು ಮೀಟರ್‌ನ ಎರಡು ಕಡ್ಡಿ ಮುಟ್ಟಿಸಿ ನೋಡಿ, ಅದು ತೋರಿಸುವ ಓಮನ್ನು ಕಳೆಯಿರಿ.

ತಂದಿರೋ ಸ್ಟೇಟರ್ ಬೋಲ್ಟ್‌ಗೆ ಕೂತರೂ ಪ್ರಯೋಜನ ಇಲ್ಲ. ಕಾಯಿಲ್ ಎಣಿಸಿ ನೋಡಿ, ಸ್ಟೇಟರ್ ಸುತ್ತ ತಿರುಗುವ ನಿಮ್ಮ ಮ್ಯಾಗ್ನೆಟ್‌ಗೆ ಅದು ಹೊಂದದೇ ಇರಬಹುದು. ಅದಕ್ಕಿಂತ ಮುಖ್ಯ, ಕಪ್ಪು-ಕೆಂಪು ವೈರ್ ಸಿಡಿಐಗೆ (ಪ್ಲಗ್‌ನಲ್ಲಿ ಸ್ಪಾರ್ಕ್ ಬರಿಸುವ ಯುನಿಟ್) ಕರೆಂಟ್ ಕೊಡುವ ಕಾಯಿಲ್‌ನದು. ಸಣ್ಣ ತಂತಿ ಸುತ್ತಿ ಮೇಲೆ ಟೇಪ್ ಹಾಕಿರುತ್ತಾರೆ, ಕೆಲವು ನೂರು ಓಮ್ ತೋರಿಸುತ್ತೆ. ಆ ಕಾಯಿಲ್ ಇಲ್ಲದ ಸ್ಟೇಟರ್ ಹಾಕಿದರೆ ಸ್ಪಾರ್ಕೇ ಬರಲ್ಲ. ನಿಮ್ಮ ಇಂಜಿನ್ ಓಡ್ತಿದೆ ಅಂದ್ರೆ ಅದೂ, ಸ್ಪಾರ್ಕ್ ಯಾವಾಗ ಬರಬೇಕು ಅಂತ ಸಿಗ್ನಲ್ ಕೊಡುವ ನೀಲಿ-ಬಿಳಿಯ ಪಲ್ಸರ್ ಕಾಯಿಲೂ ಚೆನ್ನಾಗಿವೆ.

ಈಗ ಲೈಟ್ ಆಫ್ ಮಾಡಿ, ಆರ್‌ಆರ್ ಯುನಿಟ್‌ನ (ಸ್ಟೇಟರ್‌ನ ಎಸಿಯನ್ನು ಡಿಸಿ ಮಾಡಿ, ಹದ ನೋಡಿ ಬ್ಯಾಟರಿಗೆ ಕೊಡುವ ರೆಗ್ಯುಲೇಟರ್-ರೆಕ್ಟಿಫೈಯರ್) ವೈರ್ ಸೇರಿಸುವ ಕಪ್ಲರ್ ಕಳಚಿ. ಮೀಟರನ್ನು ಎಸಿಗೆ ಇಟ್ಟು ಬಿಳಿ-ಹಸಿರು ನೋಡಿ. ಆಕ್ಸಿಲರೇಟರ್ ಕೊಟ್ಟಂತೆ ವೋಲ್ಟೇಜ್ ಏರಬೇಕು.

ಪಾಂಡವಪುರದಿಂದ:
ಓಮ್ 0.9. ಸ್ಲೋ ಸ್ಪೀಡಿನಲ್ಲಿ 16 ವೋಲ್ಟ್ ಎಸಿ, ಆಕ್ಸಿಲರೇಟರ್ ಕೊಟ್ಟರೆ 35 ದಾಟುತ್ತೆ. ಆದರೆ ಕಪ್ಲರ್ ಹಾಕಿದ ಮೇಲೆ ಬ್ಯಾಟರಿಯಲ್ಲಿ ಇಂಜಿನ್ ಓಡುವಾಗಲೂ 12.2 ಮಾತ್ರ.

ಮೈಸೂರಿನಿಂದ:
ಸ್ಟೇಟರ್ ಜೋರಾಗಿದೆ ಬಿಡಿ. ಬ್ಯಾಟರಿಗೆ 13.5ರಿಂದ 14.5 ಬರಬೇಕಿತ್ತು. ಆರ್‌ಆರ್ ಯುನಿಟ್ ಕೊಳ್ಳಲು ಓಡಬೇಡಿ. ಇಂಜಿನ್ ಆಫ್ ಮಾಡಿ, ಕಪ್ಲರ್ ಕಳಚಿ, ವೈರಿಂಗ್ ಕಡೆಯ ಕೆಂಪಿಗೂ ಹಸಿರಿಗೂ ಒಂದು ಇಂಡಿಕೇಟರ್ ಬಲ್ಬ್ ಹಿಡಿಯಿರಿ. ಮೀಟರನ್ನು ನಂಬಬೇಡಿ. ತುಕ್ಕು ಹಿಡಿದ ವೈರಲ್ಲೂ ಅದು ಸುಮ್ನೆ 12 ತೋರಿಸಿಬಿಡುತ್ತೆ, ಲೋಡ್ ಬಿದ್ದಾಗಲೇ ಬಂಡವಾಳ ಗೊತ್ತಾಗೋದು.

ಪಾಂಡವಪುರದಿಂದ:
ಮೀಟರಲ್ಲಿ 12.2, ಬಲ್ಬ್ ಮಿಣಮಿಣ! ಹಸಿರು ವೈರನ್ನು ಬಿಟ್ಟು ನೇರ ಗಾಡಿಯ ಬಾಡಿಗೇ ತಾಗಿಸಿ ಹಿಡಿದರೂ ಹಾಗೇ. ಕೆಂಪು ವೈರ್‌ನ ಪಿನ್ ಎಳೆದರೆ ಕೈಗೇ ಬಂತು, ಒಳಗೆ ತಾಮ್ರವೆಲ್ಲ ಹಸಿರು ಪುಡಿ. ನಾಲೆ ಏರಿ ಮೇಲಿನ ಕೆಸರಲ್ಲಿ ಓಡಿಸಿ ಪೈಪ್‌ನಲ್ಲಿ ತೊಳೆಯೋದು ನಮ್ಮ ಹುಡುಗರ ಅಭ್ಯಾಸ. ಹೊಸ ಪಿನ್ ಹಾಕಿಸಿದೆ. ಈಗ 14.1. ತುಂಬಾ ಥ್ಯಾಂಕ್ಸ್ ಸರ್. ತಂದ ಸ್ಟೇಟರನ್ನು ವಾಪಸ್ ಕೊಡ್ತೀನಿ.

ಮಂಡ್ಯದಿಂದ:
ನಡುವೆ ಬಾಯಿ ಹಾಕ್ತಿದ್ದೀನಿ. ನಿಜವಾಗ್ಲೂ ಕಾಯಿಲ್ ಸುಟ್ಟಿದ್ರೆ ನಮ್ಮೂರಿನ ಪಂಪ್‌ಸೆಟ್ ವೈಂಡಿಂಗ್ ಅಂಗಡಿಯಲ್ಲೇ ಕಟ್ಟಿಸಬಹುದು ಅಲ್ವಾ?

ಮೈಸೂರಿನಿಂದ:
ಕಟ್ಟಿಸಬಹುದು ಅಣ್ಣ, ಆದರೆ ತಂತಿ ನೋಡಿಕೊಳ್ಳಿ. ಸಬ್‌ಮರ್ಸಿಬಲ್ ಮೋಟಾರಿನ ಪ್ಲಾಸ್ಟಿಕ್ ಸುತ್ತಿದ ತಂತಿ ಇಂಜಿನ್ ಬಿಸಿಗೆ ತಡೆಯಲ್ಲ. 180 ಡಿಗ್ರಿ ತಾಳುವ ಎನಾಮಲ್ ತಂತಿಯನ್ನೇ ಕೇಳಿ. ಬಿಚ್ಚುವಾಗ ಸುತ್ತು ಎಣಿಸಿ, ಯಾವ ಕಾಯಿಲ್ ಯಾವ ದಿಕ್ಕಿಗೆ ಸುತ್ತಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ.