ಪ್ರೋಟಾನಿನ ದ್ರವ್ಯರಾಶಿಗೆ ವರ್ಚುವಲ್ ಕಣಗಳು ಕಾರಣವೇ?

ಪ್ರಶ್ನೆ:
ನಾನು ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಎರಡು ಅಪ್ ಕ್ವಾರ್ಕ್ ಮತ್ತು ಒಂದು ಡೌನ್ ಕ್ವಾರ್ಕ್ ಸೇರಿ ಪ್ರೋಟಾನ್ ಆಗುತ್ತದೆ ಎಂದು ಮೊನ್ನೆ ಹಲಗೆಯ ಮೇಲೆ ಬರೆದಾಗ, ವಿದ್ಯಾರ್ಥಿನಿಯೊಬ್ಬಳು ಅವುಗಳ ದ್ರವ್ಯರಾಶಿಯನ್ನು ಕೂಡಿಸಿ, ಸುಮಾರು 9 ಮೆಗಾ ಎಲೆಕ್ಟ್ರಾನ್‌ವೋಲ್ಟ್ (ಕಣಗಳ ದ್ರವ್ಯರಾಶಿಯನ್ನು ಹೇಳಲು ಬಳಸುವ ಶಕ್ತಿಯ ಮಾನ) ಅಷ್ಟೇ ಬರುತ್ತದೆ, ಪ್ರೋಟಾನಿನದು 938 ಇದೆಯಲ್ಲ, ಉಳಿದದ್ದು ಎಲ್ಲಿಂದ ಬಂತು ಎಂದು ಕೇಳಿದಳು. ವರ್ಚುವಲ್ ಕಣಗಳಿಂದ ಎಂದು ಉತ್ತರಿಸಿದೆನಾದರೂ ನನಗೇ ಸಮಾಧಾನವಾಗಲಿಲ್ಲ. ಹುಟ್ಟಿದೊಡನೆ ಅಳಿಯುವ ಕಣಗಳು ಸ್ಥಿರವಾದ ದ್ರವ್ಯರಾಶಿಯನ್ನು ಹೇಗೆ ಕೊಟ್ಟಾವು?

ಉತ್ತರ 1:
ಮೇಡಂ, ನಿಮ್ಮ ವಿದ್ಯಾರ್ಥಿನಿಯ ಲೆಕ್ಕ ಸರಿಯಾಗಿಯೇ ಇದೆ. ಬಿಡಿ ದ್ರವ್ಯರಾಶಿಗಳನ್ನು ಕೂಡಿದರೆ ಇಡಿಯದು ಸಿಗಬೇಕೆಂಬ ನಿರೀಕ್ಷೆ ಇಲ್ಲಿ ಸಲ್ಲುವುದಿಲ್ಲ. ಸುಮಾರು 0.84 ಫೆಮ್ಟೋಮೀಟರ್ ತ್ರಿಜ್ಯದಷ್ಟು ಇಕ್ಕಟ್ಟಿನಲ್ಲಿ ಸೆರೆಯಾದ ಕ್ವಾರ್ಕ್‌ಗಳು, ಜಾಗ ಕಿರಿದಾದಷ್ಟೂ ಚಲನೆ ಹೆಚ್ಚಬೇಕೆನ್ನುವ ಅನಿಶ್ಚಿತತೆಯ ತತ್ವದ ಪ್ರಕಾರ, ಸುಮ್ಮನಿರಲಾರವು. ಅವುಗಳ ಚಲನೆಯ ಶಕ್ತಿ ಮತ್ತು ಅವುಗಳನ್ನು ಹಿಡಿದಿಟ್ಟ ಗ್ಲೂಆನ್ (ಕ್ವಾರ್ಕ್‌ಗಳನ್ನು ಬೆಸೆಯುವ ಬಲದ ಕಣ) ಕ್ಷೇತ್ರದ ಶಕ್ತಿಯೇ ಹೊರಗಿನಿಂದ ಅಳೆಯುವ ನಮಗೆ ದ್ರವ್ಯರಾಶಿಯಾಗಿ ತೋರುತ್ತದೆ. ಗ್ಲೂಆನಿಗೆ ಸ್ವಂತ ದ್ರವ್ಯರಾಶಿಯೇ ಇಲ್ಲ ಎಂಬುದನ್ನು ಗಮನಿಸಿ. 25 ಕಿಲೋ ಅಕ್ಕಿಯ ಮೂಟೆಯಲ್ಲಿ ಕ್ವಾರ್ಕ್‌ಗಳ ಸ್ವಂತದ ಪಾಲು ಕಾಲು ಕಿಲೋ ಆಸುಪಾಸು ಮಾತ್ರ. ಕ್ವಾರ್ಕ್‌ಗಳಿಗೆ ಈ ಸ್ವಂತ ದ್ರವ್ಯರಾಶಿ ಕೊಡುವುದು ಹಿಗ್ಸ್ ಕ್ಷೇತ್ರ; 2012ರಲ್ಲಿ ಅದರ ಹಿಗ್ಸ್ ಕಣ ಪತ್ತೆಯಾದಾಗ ಸಕಲ ದ್ರವ್ಯರಾಶಿಯ ಮೂಲ ಸಿಕ್ಕಿತೆಂದು ಸಾರಿದವರು ಈ ಕಾಲು ಕಿಲೋವನ್ನೇ ಇಡೀ ಮೂಟೆಯೆಂದು ತಿಳಿದಿದ್ದರು.

ವರ್ಚುವಲ್ ಕಣ ಎಂಬುದು ಮೂಲತಃ ಅಂದಾಜು ಲೆಕ್ಕದ ಸರಣಿಯೊಂದರ ಪದಗಳಿಗೆ ಇಟ್ಟ ಹೆಸರು. ಪ್ರೋಟಾನಿನೊಳಗೆ ಕ್ವಾರ್ಕ್‌ಗಳನ್ನು ಬೆಸೆಯುವ ಬಲವು ಎಷ್ಟು ಪ್ರಬಲವೆಂದರೆ ಆ ಸರಣಿಯೇ ಕೈಕೊಡುತ್ತದೆ. ಆದ್ದರಿಂದಲೇ ದೇಶಕಾಲವನ್ನು ಚೌಕಳಿಯಂತೆ ವಿಭಾಗಿಸಿ ಸೂಪರ್‌ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. 2008ರಲ್ಲಿ ಈ ವಿಧಾನದಿಂದ ಪಡೆದ ಪ್ರೋಟಾನ್, ನ್ಯೂಟ್ರಾನ್‌ಗಳ ದ್ರವ್ಯರಾಶಿ ಪ್ರಯೋಗದ ಬೆಲೆಗೆ ಕೆಲವೇ ಶೇಕಡಾ ವ್ಯತ್ಯಾಸದಲ್ಲಿ ಹೊಂದಿತು.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಒಳಗಿರುವುದು ಮೂರೇ ಕ್ವಾರ್ಕ್ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಳಿಯಬಾರದು. ಜರ್ಮನಿಯ ಹ್ಯಾಂಬರ್ಗ್‌ನ ಹೆರಾ ಎಂಬ ಕಣ ವೇಗವರ್ಧಕ ಯಂತ್ರದಲ್ಲಿ 1992ರಿಂದ 2007ರವರೆಗೆ ಎಲೆಕ್ಟ್ರಾನುಗಳನ್ನೂ ಅವುಗಳ ಪ್ರತಿಕಣಗಳಾದ ಪಾಸಿಟ್ರಾನುಗಳನ್ನೂ ಪ್ರೋಟಾನಿಗೆ ಡಿಕ್ಕಿ ಹೊಡೆಸಿದಾಗ, ಸಂವೇಗದ ಸಣ್ಣ ಸಣ್ಣ ಪಾಲು ಹೊತ್ತ ಗ್ಲೂಆನುಗಳೂ ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿಗಳೂ ದಟ್ಟವಾಗಿರುವುದು ಕಂಡುಬಂದಿತು. ಹೆಸರು ಏನೇ ಇರಲಿ, ಈ ಸಂದಣಿಯನ್ನು ಅಳೆಯಲಾಗಿದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಕ್ವಾರ್ಕ್‌ಗಳ ಸ್ವಂತ ದ್ರವ್ಯರಾಶಿಯನ್ನು ಕಡೆಗಣಿಸಬಹುದೇ?

ಉತ್ತರ 1:
ಖಂಡಿತ ಕೂಡದು. ವಿದ್ಯುದಾವೇಶವೊಂದನ್ನೇ ನೋಡಿದರೆ ನ್ಯೂಟ್ರಾನಿಗಿಂತ ಪ್ರೋಟಾನೇ ಹೆಚ್ಚು ಭಾರವಿರಬೇಕಿತ್ತು. ಆದರೆ ನ್ಯೂಟ್ರಾನಿನಲ್ಲಿರುವುದು ಒಂದು ಅಪ್, ಎರಡು ಡೌನ್; ಡೌನ್ ಕ್ವಾರ್ಕ್ ಅಪ್‌ಗಿಂತ ಭಾರವಾದ್ದರಿಂದ ನ್ಯೂಟ್ರಾನ್ 1.3 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಮುಂದಿದೆ. ಒಂಟಿ ನ್ಯೂಟ್ರಾನ್ ಸರಾಸರಿ 15 ನಿಮಿಷಕ್ಕೆ ಕ್ಷಯಿಸಿ ಪ್ರೋಟಾನ್ ಆಗುವುದೂ, ಹೈಡ್ರೋಜನ್ ಉಳಿದುಕೊಂಡಿರುವುದೂ ಈ ಅಲ್ಪ ವ್ಯತ್ಯಾಸದಿಂದಲೇ.