0.9 × 0.9 = 0.81: ನಿಯಮಗಳ ಸರಪಳಿಗೆ ಈ ಲೆಕ್ಕ ಹೊಂದುತ್ತದೆಯೇ?

ಪ್ರಶ್ನೆ:
ಬಾವಿ ಪಂಪ್‌ಸೆಟ್‌ನ ದೋಷ ಪತ್ತೆಹಚ್ಚುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ನಿಯಮ 1: ಫುಟ್‌ವಾಲ್ವ್ (ಹೀರುವ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ) ಸೋರುತ್ತಿದ್ದಾಗ 90% ಸಲ ಮೋಟಾರ್ ಓಡುತ್ತಿರುತ್ತದೆ. ನಿಯಮ 2: ಮೋಟಾರ್ ಓಡುತ್ತಿದ್ದರೆ 90% ಸಲ ನೀರು ಬರುತ್ತದೆ. ಎರಡನ್ನೂ ಗುಣಿಸಿ, ವಾಲ್ವ್ ಸೋರುವಾಗ ನೀರು ಬರುವ ಸಂಭವನೀಯತೆ 0.81 ಎನ್ನುತ್ತಿದೆ ಪ್ರೋಗ್ರಾಂ. ಆದರೆ ಸೋರಿದಾಗ ಪ್ರೈಮಿಂಗ್ (ಪಂಪಿನಲ್ಲಿ ಮೊದಲೇ ತುಂಬಿರಬೇಕಾದ ನೀರು) ಹೋಗಿ ಹನಿ ನೀರೂ ಬರುವುದಿಲ್ಲ. ತರ್ಕದಲ್ಲಿ ನಡೆಯುವ ಸರಪಳಿ (A ಆದರೆ B, B ಆದರೆ C, ಹಾಗಾಗಿ A ಆದರೆ C) ಇಲ್ಲೇಕೆ ಕಡಿಯುತ್ತದೆ?

ಉತ್ತರ 1:
ಎಣಿಸಿ ನೋಡಿ. 1000 ತಪಾಸಣೆ ಎಂದುಕೊಳ್ಳಿ. 900ರಲ್ಲಿ ಮೋಟಾರ್ ಓಡುತ್ತಿದೆ, ಅವುಗಳಲ್ಲಿ 810ರಲ್ಲಿ ನೀರಿದೆ. 100ರಲ್ಲಿ ವಾಲ್ವ್ ಸೋರುತ್ತಿದೆ. ಆ ಪೈಕಿ 90ರಲ್ಲಿ ಮೋಟಾರ್ ಓಡುತ್ತಿದೆ, ಒಂದರಲ್ಲೂ ನೀರಿಲ್ಲ. ನಿಮ್ಮ ಎರಡೂ ನಿಯಮ ನಿಜ, ಉತ್ತರ ಮಾತ್ರ 0. ನಿಯಮ 2ರ 10% ಅಪವಾದವೆಲ್ಲ ಸೋರುವ ವಾಲ್ವ್‌ಗಳಲ್ಲೇ ಸೇರಿಕೊಂಡಿದೆ.

ಎರಡೂ ನಿಯಮ 100% ಆಗಿದ್ದರೆ ಅಪವಾದ ಅಡಗಲು ಜಾಗವೇ ಇಲ್ಲ, ಸರಪಳಿ ನಿಲ್ಲುತ್ತದೆ. ತರ್ಕವೆಂದರೆ ಸಂಭವನೀಯತೆ 0 ಅಥವಾ 1 ಮಾತ್ರ ಆಗಿರುವ ವಿಶೇಷ ಸಂದರ್ಭ. ಗಣಿತಜ್ಞ ಜಾರ್ಜ್ ಬೂಲ್ 1854ರಲ್ಲೇ ತರ್ಕ, ಸಂಭವನೀಯತೆ ಎರಡನ್ನೂ ಒಂದೇ ಗ್ರಂಥದಲ್ಲಿ ಕಟ್ಟಿದ್ದ. ನಂಬಿಕೆಯನ್ನು ಸಂಖ್ಯೆಯಲ್ಲಿ ಹೇಳಬೇಕು, ಅದು ತರ್ಕಕ್ಕೆ ವಿರುದ್ಧ ಹೋಗಬಾರದು ಎಂದರೆ, ಕೆಲವು ಷರತ್ತುಗಳಡಿ ಸಂಭವನೀಯತೆಯ ನಿಯಮಗಳೇ ಸಿಗುತ್ತವೆ ಎಂದು ಭೌತವಿಜ್ಞಾನಿ ಆರ್. ಟಿ. ಕಾಕ್ಸ್ 1946ರಲ್ಲಿ ತೋರಿಸಿದ.

ಉತ್ತರ 2:
ಎಡವುವ ಇನ್ನೊಂದು ಜಾಗವಿದೆ. "ಸೋರಿದರೆ ನೀರು ಬರುತ್ತದೆ" ಎಂಬುದನ್ನು ತರ್ಕದ ಪ್ರಕಾರ "ಸೋರುತ್ತಿಲ್ಲ, ಅಥವಾ ನೀರು ಬರುತ್ತಿದೆ" ಎಂದು ಕೋಡ್ ಮಾಡಿದರೆ, ಅದೇ 1000ರಲ್ಲಿ ಸೋರದ 900 ತಪಾಸಣೆಗಳೂ ಅದನ್ನು ನಿಜ ಮಾಡಿಬಿಡುತ್ತವೆ. ಸಂಭವನೀಯತೆ 0.9! ನಿಮಗೆ ಬೇಕಾದದ್ದು ಸೋರುವ 100ರೊಳಗಿನ ಪಾಲು, ಅಂದರೆ 0. ಡೇಟಾ ಒಂದೇ, ಉತ್ತರ ಎರಡು. ಆ ಪಾಲನ್ನು, ಅಂದರೆ ಷರತ್ತುಬದ್ಧ ಸಂಭವನೀಯತೆಯನ್ನೇ ಬಳಸಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಎಲ್ಲ ಅಂಶಗಳ ಎಲ್ಲ ಜೋಡಣೆಗೂ ಸಂಖ್ಯೆ ಕೊಡಬೇಕೆ? ಹೌದು/ಇಲ್ಲ ಅಂಶಗಳೇ 20 ಇವೆ.

ಉತ್ತರ 3:
ಬೇಡ, ಅದು 10,48,576 ಸಾಲು ಆಗುತ್ತದೆ. ಬೇಸಿಯನ್ ಜಾಲ (ಯಾವುದು ಯಾವುದಕ್ಕೆ ಕಾರಣ ಎಂದು ಬಾಣಗಳಿಂದ ತೋರಿಸುವ ಸಂಭವನೀಯತೆಯ ನಕ್ಷೆ) ಕಟ್ಟಿ. ಪ್ರತಿ ಅಂಶಕ್ಕೂ ನೇರ ಕಾರಣಗಳಿಂದ ಮಾತ್ರ ಬಾಣ ಎಳೆಯಿರಿ. ನೇರ ಕಾರಣ ಮೂರಕ್ಕಿಂತ ಹೆಚ್ಚಿಲ್ಲದಿದ್ದರೆ, ಅಂಶಕ್ಕೆ ಹೆಚ್ಚೆಂದರೆ 2 × 2 × 2 = 8ರಂತೆ, 160 ಸಂಖ್ಯೆಯೊಳಗೆ ಮುಗಿಯುತ್ತದೆ. "ನೀರು" ಅಂಶಕ್ಕೆ ಮೋಟಾರ್‌ನಿಂದಲೂ ವಾಲ್ವ್‌ನಿಂದಲೂ ಬಾಣ ಬರಬೇಕು. ನಿಮ್ಮಲ್ಲಿ ತಪ್ಪಿಹೋದದ್ದು ಈ ಎರಡನೆಯದು.

ಪ್ರತಿ ಅಂಶದ ಈ ಸಂಖ್ಯೆಗಳ ಕೋಷ್ಟಕದಲ್ಲಿ ಅಪ್ಪಟ 0, 1 ಬರೆಯಬೇಡಿ. ಒಮ್ಮೆ 0 ಹಾಕಿದರೆ ಮುಂದೆ ಎಷ್ಟೇ ಸಾಕ್ಷ್ಯ ಬಂದರೂ ಬೇಸ್ ಸೂತ್ರ (ಹೊಸ ಸಾಕ್ಷ್ಯ ಬಂದಾಗ ಸಂಭವನೀಯತೆಯನ್ನು ತಿದ್ದುವ ಸೂತ್ರ) ಅದನ್ನು ಮೇಲೆತ್ತಲಾರದು. ಲಾಪ್ಲಾಸ್ ವಿಧಾನದಂತೆ ಎಣಿಕೆಗೆ 1, ಒಟ್ಟಿಗೆ 2 ಸೇರಿಸಿ: ಮೋಟಾರ್ ಓಡಿ ವಾಲ್ವ್ ಸೋರುವಾಗ 0/90 ಬದಲು 1/92, ವಾಲ್ವ್ ಸರಿಯಿದ್ದಾಗ 810/810 ಬದಲು 811/812.